ಮುಯ್ಯಿ ರಕ್ತ

ನನ್ನ ಹೆಂಡತಿ ಸರ್ವಮಂಗಳ ಶಿವೈಕ್ಯಳಾದ ಸುದ್ದಿ ನನಗೆ ತಿಳಿದಾಗ ಆಸ್ಪತ್ರೆಯ ಮುಯ್ಯಿ ಮಂಟಪದಲ್ಲಿ ಇನ್ನೂ ಹೆಸರು ಕೂಗುತ್ತಿದ್ದರು. ಊಟದ ಹೊತ್ತು. ಮೈಕು ಹಿಡಿದಿದ್ದವನು ಮದುವೆಮನೆಯ ರಾಗದಲ್ಲಿಯೇ, ಬಾಣಾವರದ ರೇಣುಕಪ್ಪನವರು ಮತ್ತು ಸೊಸೆಯರು, ರಕ್ತ ಒಂದು ಚೀಲ, ಎಂದು ಕೂಗಿದ. ಚಪ್ಪಾಳೆ ಬಿತ್ತು. ನರ್ಸೊಬ್ಬಳು ಬಂದು ನನ್ನ ಕಿವಿಯ ಹತ್ತಿರ ಬಗ್ಗಿ ಏನೋ ಹೇಳಿದಳು. ಆ ಗದ್ದಲದಲ್ಲಿ ಕೇಳಿಸಲಿಲ್ಲ. ಪಾಪ, ಅಂಥ ಮಾತನ್ನು ಅವಳು ಎರಡನೆಯ ಸಲ ಹೇಳಬೇಕಾಯಿತು.

ನಾನು ಎದ್ದು ಹೋಗಿ ಮೈಕು ನಿಲ್ಲಿಸಲು ಹೇಳಿದೆ. ಮಂಟಪದ ಮೇಲ್ವಿಚಾರಕ ಕೈಮುಗಿದ. ದೂರದಿಂದ ಬಂದವರ ಹೆಸರು ಇನ್ನೂ ಉಳಿದಿವೆ, ಕೂಗದಿದ್ದರೆ ಬೇಜಾರು ಮಾಡಿಕೊಳ್ಳುತ್ತಾರೆ, ತಾವು ಹಿರಿಯರು, ಸ್ವಲ್ಪ ಸಹಕರಿಸಬೇಕು ಎಂದ. ರೋಗಿ ಹೋಗಿಬಿಟ್ಟಳೆಂದು ಅವನಿಗೂ ಗೊತ್ತಾಗಿತ್ತು. ಆದರೂ ಕೊನೆಯ ಹೆಸರಿನ ತನಕ ಕೂಗಿಸಿದ. ನನಗೆ ಅಳು ಬರಲಿಲ್ಲ. ಹೊರಗೆ ಬೇವಿನ ಮರದ ಬುಡಕ್ಕೆ ಹೋಗಿ ವಾಂತಿ ಮಾಡಿಕೊಂಡೆ.

ರಕ್ತ ಬೆಳೆಯುವ ಕುಂಡ ಬಂದ ಮೇಲೆ ಹುಟ್ಟಿದವರಿಗೆ ಅದರ ಹಿಂದಿನ ಕಾಲ ಗೊತ್ತಿರುವುದಿಲ್ಲ. ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ನಾನು ಅರಸೀಕೆರೆಯ ಕಾಲೇಜೊಂದರಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತನಾದವನು. ವಿವರಿಸುವುದು ಅಭ್ಯಾಸವಾಗಿಬಿಟ್ಟಿದೆ.

ಹಿಂದೆ ರಕ್ತವನ್ನು ಮನುಷ್ಯರೇ ಮೈಯಿಂದ ತೆಗೆದು ಕೊಡಬೇಕಿತ್ತು. ಗುಂಪು ಹೊಂದಬೇಕು, ರೋಗವಿರಬಾರದು, ಇಟ್ಟರೆ ಬೇಗ ಕೆಡುತ್ತದೆ. ಸಿಗುವುದೇ ಕಷ್ಟವಾದ್ದರಿಂದ ವೈದ್ಯರು ಒಂದೊಂದು ಚೀಲಕ್ಕೂ ಯೋಚನೆ ಮಾಡುತ್ತಿದ್ದರು. ಎಲುಬಿನ ಮಜ್ಜೆಯಲ್ಲಿ ರಕ್ತವನ್ನು ಹುಟ್ಟಿಸುವ ತಾಯಿಕಣಗಳಿರುತ್ತವೆ. ಅವನ್ನು ಮೈಯಿಂದ ಹೊರಗೆ, ಒಂದು ಬೆಚ್ಚನೆಯ ಪಾತ್ರೆಯಲ್ಲಿ ಬದುಕಿಸಿ ಬೆಳೆಸುವುದನ್ನು ವಿಜ್ಞಾನಿಗಳು ಕಂಡುಹಿಡಿದರು. ಗುಂಪಿನ ಗುರುತುಗಳನ್ನೂ ಅಳಿಸಿಬಿಟ್ಟರು. ಹೀಗಾಗಿ ಯಾರ ಪಾತ್ರೆಯ ರಕ್ತ ಯಾರಿಗೆ ಬೇಕಾದರೂ ಒಗ್ಗುವಂತಾಯಿತು. ಆ ಪಾತ್ರೆಯೇ ರಕ್ತಕುಂಡ. ಹಾಲಿನ ಕ್ಯಾನಿನಷ್ಟು ದೊಡ್ಡದು. ಸೊಸೈಟಿಯಲ್ಲಿ ಕೊಡುವ ಪುಡಿಯನ್ನು ಕಾಯಿಸಿ ಆರಿಸಿದ ನೀರಿನಲ್ಲಿ ಕಲಸಿ ಹಾಕುತ್ತಿದ್ದರೆ ತಿಂಗಳಿಗೊಂದು ಚೀಲ ರಕ್ತ ಇಳಿಯುತ್ತದೆ. ಸರ್ಕಾರ ಅದನ್ನು ಮನೆಮನೆಗೂ ಹಂಚಿತು. ಹೆರಿಗೆಯಲ್ಲಿ ರಕ್ತ ಹರಿದು ಸಾಯುತ್ತಿದ್ದ ಹೆಣ್ಣುಮಕ್ಕಳು ಉಳಿದರು. ಲಾರಿ ಕೆಳಗೆ ಸಿಕ್ಕವರು ಎದ್ದು ನಡೆದರು. ನಾನು ಎಷ್ಟೇ ಹೇಸಿಕೊಂಡರೂ ಈ ಮಾತನ್ನು ಅಲ್ಲಗಳೆಯಲಾರೆ.

ನಮ್ಮ ಮನೆಯ ಕುಂಡ ಅಡುಗೆಮನೆಯಲ್ಲಿತ್ತು. ಒಲೆಯ ಹಿಂಬದಿ ಬೆಚ್ಚಗಿರುತ್ತದೆಂದು ಮಂಗಳ ಅಲ್ಲಿಟ್ಟಿದ್ದಳು. ಲಿಂಗಪೂಜೆಯಾಗದೆ ಬಾಯಿಗೆ ನೀರು ಹಾಕದ ಮನೆ ನಮ್ಮದು. ಮೊಟ್ಟೆಯೂ ಒಳಗೆ ಬಾರದ ಆ ಅಡುಗೆಮನೆಯಲ್ಲಿ, ಉಪ್ಪಿನಕಾಯಿ ಭರಣಿಯ ಪಕ್ಕದಲ್ಲಿ, ರಕ್ತ ಗುಳುಗುಳು ಎನ್ನುತ್ತ ಬೆಳೆಯುತ್ತಿತ್ತು. ಮುಚ್ಚಳ ತೆಗೆದರೆ ತುಕ್ಕು ಹಿಡಿದ ಕೊಡದ ವಾಸನೆ, ಅದೂ ಬೆಚ್ಚನೆಯದು. ಆ ಕಡೆ ಮುಖ ಮಾಡಿ ನನಗೆ ಊಟ ಮಾಡಲಾಗುತ್ತಿರಲಿಲ್ಲ. ಮಂಗಳ ನಗುತ್ತಿದ್ದಳು.

"ಹಸ ಕಟ್ಟಿದಂಗೆ ಅಂದ್ಕೊಳಿ. ಅದಕ್ಕೂ ಮೇವು ಹಾಕ್ಬೇಕು, ಇದಕ್ಕೂ ಹಾಕ್ಬೇಕು. ಇದು ಒದೆಯಲ್ಲ, ಅಷ್ಟೇಯ."

"ಹಸುವಿನ ಹಾಲು ಕುಡೀಬಹುದು ಕಣೆ" ಎಂದೆ.

"ನಿಮ್ಗೆ ಇದ್ನ ಕುಡೀರಿ ಅಂದೋರ್ಯಾರು?" ಎಂದಳು.

ಅವಳು ಕುಂಡದ ಮೇಲೆ ಮೂರು ಬೆರಳಿನಿಂದ ವಿಭೂತಿ ಬಳಿಯುತ್ತಿದ್ದಳು. ಅಷ್ಟು ಮಾತ್ರ ನನಗೆ ಸಹಿಸಲಾಗದೆ ಒರೆಸಿಬಿಡುತ್ತಿದ್ದೆ. ಮಾರನೆಯ ಬೆಳಗ್ಗೆ ಮತ್ತೆ ಬಳಿದಿರುತ್ತಿದ್ದಳು. ಒಬ್ಬರ ಜೀವ ಉಳಿಸುವುದು ಎಲ್ಲಿದ್ದರೂ ಶಿವನದೇ ಎನ್ನುವುದು ಅವಳ ವಾದ.

ರಕ್ತ ಮನೆಮನೆಯಲ್ಲೂ ತುಂಬಿದ ಮೇಲೆ ಅದಕ್ಕೊಂದು ಸಂಪ್ರದಾಯ ಹುಟ್ಟಿತು. ನಮ್ಮ ಸೀಮೆಯಲ್ಲಿ ಮದುವೆಗೆ ಬಂದವರು ಮುಯ್ಯಿ ಮಾಡುವುದು, ಎಂದರೆ ಉಡುಗೊರೆ ಕೊಟ್ಟು ಹೆಸರು ಕೂಗಿಸುವುದು, ತಲೆತಲಾಂತರದ ವಾಡಿಕೆ. ಇಂದು ಅವರು ನಮಗೆ, ನಾಳೆ ನಾವು ಅವರಿಗೆ. ಈ ವಾಡಿಕೆ ಯಾವಾಗಲೋ ಮದುವೆಮನೆಯಿಂದ ಎದ್ದು ಆಸ್ಪತ್ರೆಗೆ ನಡೆಯಿತು. ನೆಂಟರೊಬ್ಬರು ಐಸಿಯು ಸೇರಿದರೆಂದರೆ ಉಳಿದವರು ತಣ್ಣನೆಯ ಪೆಟ್ಟಿಗೆಯಲ್ಲಿ ರಕ್ತದ ಚೀಲವಿಟ್ಟು, ಮೇಲೆ ವೀಳ್ಯದೆಲೆ, ಅರಿಸಿನ ಕುಂಕುಮ ಇಟ್ಟು ತರುತ್ತಾರೆ. ಬರಿಗೈಯಲ್ಲಿ ಹೋದವರನ್ನು ಆಡಿಕೊಳ್ಳುತ್ತಾರೆ. ಹೆಣ್ಣುಮಗಳು ರೋಗಿಯಾದರೆ ತವರಿನ ಮುಯ್ಯಿಯೇ ಮೊದಲು. ಖಾಸಗಿ ಆಸ್ಪತ್ರೆಗಳು ಇದರ ಜಾಡು ಹಿಡಿಯಲು ತಡಮಾಡಲಿಲ್ಲ. ನಾವು ಹೋದದ್ದು ಜಿಲ್ಲಾ ಕೇಂದ್ರದ ಒಂದು ದೊಡ್ಡ ಆಸ್ಪತ್ರೆ. ಅಲ್ಲಿ ಐಸಿಯುವಿಗೆ ಅಂಟಿಕೊಂಡು ಕುರ್ಚಿ, ಕಂಬಳಿ, ಮೈಕು, ಫೋಟೋದವನು ಎಲ್ಲ ಇರುವ ಮಂಟಪ ಕಟ್ಟಿಸಿದ್ದರು. ನಡುವೆ ಗಾಜಿನ ಗೋಡೆ. ತಮ್ಮ ಹೆಸರು ಅಂಟಿಸಿದ ಚೀಲ ರೋಗಿಯ ತಲೆಯ ಮೇಲೆ ತೂಗುವುದನ್ನು ತಂದವರು ಕಣ್ಣಾರೆ ನೋಡಬಹುದು. ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳಬಹುದು. ತೂಗುಹಾಕದ ಚೀಲವೆಂದರೆ ಮದುವೆಯಲ್ಲಿ ಎಲೆ ಹಾಕಿ ಎಬ್ಬಿಸಿದ ಹಾಗೆ.

ಇದರಿಂದ ಹಳೆಯ ಒಂದು ತಿಳಿವಳಿಕೆ ಮರೆತುಹೋಯಿತು. ಜೀವ ಉಳಿಯುವುದೋ ಇಲ್ಲವೋ ಎಂಬಂತಿರುವ ರೋಗಿಗಳಲ್ಲಿ ರಕ್ತ ಸ್ವಲ್ಪ ಕಡಿಮೆಯಾದ ಕೂಡಲೇ ತುಂಬಿಸುವುದು ಮೇಲೋ, ಚೆನ್ನಾಗಿ ಇಳಿಯುವ ತನಕ ಕಾಯುವುದು ಮೇಲೋ ಎಂದು ಹಿಂದೆ ದೊಡ್ಡ ದೊಡ್ಡ ಪರೀಕ್ಷೆಗಳನ್ನು ನಡೆಸಿದ್ದರು. ಕಾದವರು ಬೇಗ ತುಂಬಿಸಿಕೊಂಡವರಷ್ಟೇ ಬದುಕಿದರು. ಕೆಲವು ಬಗೆಯ ರೋಗಿಗಳಂತೂ ಇನ್ನೂ ಹೆಚ್ಚು ಬದುಕಿದರು. ಭರ್ರನೆ ರಕ್ತ ಸುರಿಯುತ್ತಿರುವವರ ಮಾತು ಬೇರೆ, ಹೃದಯಾಘಾತವಾದವರ ಮಾತೂ ಬೇರೆ. ಉಳಿದವರಿಗೆ ಬಾವಿ ತುಂಬಿ ಹರಿಯಬೇಕಿಲ್ಲ, ಕೊಡ ಮುಳುಗುವಷ್ಟು ನೀರಿದ್ದರೆ ಸಾಕು. ರಕ್ತ ಉಸಿರನ್ನು ಹೊತ್ತು ತರುತ್ತದೆ, ನಿಜ. ಆದರೆ ಅದಕ್ಕೆ ತೂಕವೂ ಇದೆ. ಅಷ್ಟನ್ನೂ ಒಂದು ಹಿಡಿಯಷ್ಟಿರುವ ಹೃದಯ ತಳ್ಳಬೇಕು. ತಳ್ಳಲಾರದೆ ಹೋದರೆ ರಕ್ತದ ನೀರು ಹಿಂದಕ್ಕೆ ಒತ್ತಿ ಶ್ವಾಸಕೋಶಕ್ಕೆ ಜಿನುಗುತ್ತದೆ. ಕುಂಡದ ರಕ್ತದಲ್ಲಿ ರೋಗವಿಲ್ಲ, ಗುಂಪಿನ ಜಗಳವಿಲ್ಲ. ಆದರೆ ತೂಕವನ್ನು ಯಾವ ವಿಜ್ಞಾನಿಯೂ ಅಳಿಸಲಾಗಲಿಲ್ಲ.

ಮಂಗಳ ಮಂಡಿನೋವಿಗೆಂದು ಅಂಗಡಿಯಿಂದ ಗುಳಿಗೆ ತರಿಸಿ ನನಗೆ ಹೇಳದೆ ನುಂಗುತ್ತಿದ್ದಳು. ಅದು ಹೊಟ್ಟೆಯಲ್ಲಿ ಹುಣ್ಣು ಮಾಡಿತು. ಒಂದು ಬೆಳಗ್ಗೆ ಪೂಜೆಗೆ ಕುಳಿತಿದ್ದೆ, ಬಚ್ಚಲಿನಿಂದ ಕೂಗಿದಳು. ಹೋಗಿ ನೋಡಿದರೆ ಕಲ್ಲಿನ ಮೇಲೆಲ್ಲ ರಕ್ತ. ಅವಳ ತುಟಿ ಸುಣ್ಣದಂತೆ ಬೆಳ್ಳಗಾಗಿತ್ತು. ಅವಳ ತಮ್ಮ ಓಂಕಾರಪ್ಪ ಕಾರು ತಂದ. ದಾರಿಯುದ್ದಕ್ಕೂ ಅಕ್ಕನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ.

ಓಂಕಾರಪ್ಪನ ವಿಷಯ ಹೇಳಬೇಕು. ಅವನು ತಾಯಿಯನ್ನು ಕಳೆದುಕೊಂಡಾಗ ಇನ್ನೂ ಹಾಲು ಬಿಡದ ಕೂಸು. ಮಂಗಳ ಅವನನ್ನು ಸೊಂಟದ ಮೇಲೆ ಹೊತ್ತುಕೊಂಡೇ ನನ್ನ ಮನೆಗೆ ಮದುವೆಯಾಗಿ ಬಂದಳು ಎಂದು ಊರವರು ತಮಾಷೆ ಮಾಡುತ್ತಿದ್ದರು. ನಮಗೆ ಮಕ್ಕಳಾಗಲಿಲ್ಲ. ಅವನೇ ಮಗ. ಈಗ ಕೊಬ್ಬರಿ ವ್ಯಾಪಾರದಲ್ಲಿ ದೊಡ್ಡ ಹೆಸರು ಮಾಡಿದ್ದಾನೆ. ಅಕ್ಕನ ಋಣ ತೀರಿಸಲು ದಾರಿ ಸಿಗಲಿಲ್ಲವೆಂದು ಯಾವಾಗಲೂ ಹೇಳುತ್ತಿದ್ದ.

ಐಸಿಯುವಿನ ಮುಖ್ಯಸ್ಥೆ ಡಾಕ್ಟರ್ ಸಬೀಹಾ. ಮಾತು ಕಡಿಮೆ, ಕೈ ಚುರುಕು. ಬಂದ ಕೂಡಲೇ ರಕ್ತ ಕೊಟ್ಟರು. ಹೊಟ್ಟೆಗೆ ನಳಿಕೆ ಇಳಿಸಿ, ಹುಣ್ಣಿನಲ್ಲಿ ಚಿಮ್ಮುತ್ತಿದ್ದ ನಾಳವನ್ನು ಮುಚ್ಚಿದರು. ರಕ್ತ ಒಳಗೆ ಹೋಗುತ್ತಿದ್ದಂತೆ ಮಂಗಳನ ತುಟಿಗೆ ಬಣ್ಣ ಬರುವುದನ್ನು ನಾನು ನೋಡಿದೆ. ಬಾಡಿದ ಬಳ್ಳಿಗೆ ನೀರು ಹೊಯ್ದ ಹಾಗೆ. ಕುಂಡವನ್ನು ಅಷ್ಟು ದಿನ ಹೀಗಳೆದವನು ಅಲ್ಲಿಯೇ ನಿಂತು ಅದಕ್ಕೆ ಕೈಮುಗಿದೆ. ಮಾರನೆಯ ದಿನ ಅವಳು ಕಣ್ಣುಬಿಟ್ಟು ಒಂದು ಹಿಡಿ ಮಂಡಕ್ಕಿ ಕೇಳಿದಳು. ಹುಣ್ಣಿನ ಹೊಟ್ಟೆಗೆ ಮಂಡಕ್ಕಿ ಕೇಳ್ತೀಯಲ್ಲೇ ಎಂದರೆ, ಒಗ್ಗರಣೆ ಹಾಕ್ಬೇಡಿ ಹಂಗಾದ್ರೆ ಎಂದಳು. ಅಂದರೆ ಬದುಕಿದ್ದಳು, ಪೂರ್ತಿ ಬದುಕಿದ್ದಳು.

ಆ ದಿನವೇ ಡಾಕ್ಟರ್ ಸಬೀಹಾ ನನ್ನನ್ನು ನಿಗಾ ಕೋಣೆಗೆ ಕರೆದರು. ಗೋಡೆ ತುಂಬ ಪರದೆಗಳು. ಒಂದೊಂದರಲ್ಲೂ ಒಬ್ಬೊಬ್ಬ ರೋಗಿಯ ಹೃದಯ ಬರೆಯುವ ಗೆರೆ, ಉಸಿರು, ರಕ್ತದ ಮಟ್ಟ. ಮಂಗಳನ ಪರದೆ ತೋರಿಸಿ, ರಕ್ತದ ಮಟ್ಟ ಸಾಕಷ್ಟಿದೆ, ಇನ್ನು ಬೇಡ ಎಂದರು. ಮತ್ತೊಂದು ಚಿತ್ರ ತೋರಿಸಿದರು. ಅವಳ ಹೃದಯದ ಎಡಗಡೆಯ ಕವಾಟ ಬಿಗಿದುಕೊಂಡು ಸೀಳಿನಷ್ಟೇ ಉಳಿದಿತ್ತು. ಚಿಕ್ಕಂದಿನಲ್ಲಿ ಕೀಲುನೋವಿನ ಜ್ವರ ಬಂದವರಿಗೆ ಹೀಗಾಗುತ್ತದೆ. ಮಹಡಿ ಹತ್ತುವಾಗ ಅವಳು ನಡುವೆ ನಿಂತು ಗೋಡೆ ಹಿಡಿಯುತ್ತಿದ್ದುದಕ್ಕೆ ಕಾರಣ ಅಂದು ತಿಳಿಯಿತು. ಇಂಥ ಬಾಗಿಲಿನ ಹಿಂದೆ ರಕ್ತ ಹೆಚ್ಚಾಗಿ ನಿಂತರೆ ಏನಾಗುತ್ತದೆಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಹೊರಗೆ ಮಂಟಪ ತುಂಬುತ್ತಿತ್ತು. ಓಂಕಾರಪ್ಪ ಊರಿಗೆ ಊರನ್ನೇ ವ್ಯಾನಿನಲ್ಲಿ ತಂದಿದ್ದ.

"ಮೇಷ್ಟ್ರೇ, ಒಂದು ಮಾತು ಹೇಳ್ತೀನಿ. ಈ ಕೋಣೆ ಬಿಟ್ಟು ಆಚೆ ಹೋಗ್ಬಾರ್ದು" ಎಂದರು ಸಬೀಹಾ.

ಆಮೇಲೆ ಹೇಳಿದರು. ಬೇಡವೆಂದ ವೈದ್ಯರ ಕೊರಳಪಟ್ಟಿಯನ್ನು ನೆಂಟರು ಹಿಡಿದದ್ದನ್ನು ಅವರು ಕಂಡಿದ್ದರು. ಆದ್ದರಿಂದ ಬೇಡವೆನ್ನುವುದನ್ನೇ ಬಿಟ್ಟಿದ್ದರು. ಬಂದ ಚೀಲವನ್ನೆಲ್ಲ ಹೆಸರು ಕಾಣುವಂತೆ ತೂಗುಹಾಕುತ್ತಾರೆ. ರಕ್ತ ತೊಟ್ಟಿಕ್ಕುವುದೂ ಕಾಣುತ್ತದೆ. ಆದರೆ ಕೊಳವೆ ಹೊದಿಕೆಯ ಕೆಳಗೆ ಹೋಗಿ, ರೋಗಿಯ ತೋಳನ್ನು ಮುಟ್ಟದೆ, ಮಂಚದ ಕೆಳಗಿನಿಂದ ಗೋಡೆಯ ತೂತಿನ ಮೂಲಕ ಚರಂಡಿ ಸೇರುತ್ತದೆ. ಹೊರಗಿನವರು ನೋಡಿ ತೃಪ್ತರಾಗಿ ಮನೆಗೆ ಹೋಗುತ್ತಾರೆ. ರೋಗಿ ಬದುಕುತ್ತಾನೆ.

ಮಂಗಳನ ಮಂಚದ ಬಳಿಗೆ ಕರೆದೊಯ್ದಾಗ ಬಗ್ಗಿ ನೋಡಿದೆ. ಮಂಚದ ಕೆಳಗಿನ ಕೊಳವೆಯಲ್ಲಿ ರಕ್ತ ಕಪ್ಪಗೆ ಹರಿಯುತ್ತಿತ್ತು. ಯಾವ ಯಾವ ಮನೆಯ ಹೆಂಗಸರು ತಿಂಗಳುಗಟ್ಟಲೆ ಪುಡಿ ಕಲಸಿ ಬೆಳೆಸಿದ್ದೋ. ಬೇಕಾದ ಬೇರೆ ರೋಗಿಗಳಿಗೆ ಕೊಡಬಾರದೇ ಎಂದು ಕೇಳಿದೆ.

"ಕೇಳಿ ನೋಡಿದ್ದೀನಿ. ನಮ್ಮ ಹೆಸರಿನ ಚೀಲ ನಮ್ಮೋರ ಮೈಗೇ ಹೋಗ್ಬೇಕು ಅಂತಾರೆ. ಒಮ್ಮೆ ತೂಗುಹಾಕಿ ಹರಿಸಿದ್ದನ್ನ ಇನ್ನೊಬ್ಬರಿಗೆ ಕೊಡೋ ಹಾಗಿಲ್ಲ. ಆಚೆ ವಾರ್ಡಲ್ಲಿ ಒಬ್ಬ ಅನಾಥ ಮುದುಕನಿಗೆ ರಕ್ತ ಇಲ್ಲ. ಅವನಿಗೆ ಯಾರು ಮುಯ್ಯಿ ತರ್ತಾರೆ? ನಂಗೇನು ಇದು ಇಷ್ಟಾನಾ ಮೇಷ್ಟ್ರೇ?"

ಹಾಗೆಯೇ ನಡೆಯಲಿ ಎಂದೆ. ಮಂಗಳ ಬದುಕಿ ಮನೆಗೆ ಬರಬೇಕು, ನನಗೆ ಬೇಕಾದದ್ದು ಅಷ್ಟೇ. ಚರಂಡಿಯ ಲೆಕ್ಕವನ್ನು ಶಿವ ನೋಡಿಕೊಳ್ಳುತ್ತಾನೆ.

ಮೂರು ದಿನ ಹೀಗೆಯೇ ನಡೆಯಿತು. ಮಂಗಳ ದಿನದಿನಕ್ಕೆ ಗೆಲುವಾದಳು. ಓಂಕಾರಪ್ಪ ಗಾಜಿಗೆ ಹಣೆಯೊತ್ತಿ, ತನ್ನ ಚೀಲ ಖಾಲಿಯಾಗುವುದನ್ನು ಪೂಜೆ ನೋಡಿದಂತೆ ನೋಡುತ್ತಿದ್ದ. ಖಾಲಿಯಾದಾಗ ಗಾಜು ಮುಟ್ಟಿ ಕೈಯನ್ನು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದ. ನಮ್ಮ ರಕ್ತವೇ ಅಕ್ಕನನ್ನು ಎಬ್ಬಿಸಿತು ಎಂದು ಬಂದವರಿಗೆಲ್ಲ ಹೇಳುತ್ತಿದ್ದ. ನಾಳೆ ವಾರ್ಡಿಗೆ ಹಾಕುತ್ತೇವೆ ಎಂದು ಸಬೀಹಾ ಹೇಳಿದರು.

ಮಾರನೆಯ ಬೆಳಗ್ಗೆ ಓಂಕಾರಪ್ಪ ಎಲೆಯಡಿಕೆ ಉಗುಳಲೆಂದು ಆಸ್ಪತ್ರೆಯ ಹಿಂಬದಿಗೆ ಹೋದ. ಅಲ್ಲಿ ಐಸಿಯುವಿನ ಗೋಡೆಯ ತೂತಿನಿಂದ ಬರುವ ಚರಂಡಿ ತೆರೆದಿತ್ತು. ಬೀದಿನಾಯಿಗಳು ಒಂದರ ಮೇಲೊಂದು ಬಿದ್ದು ಅದನ್ನು ನೆಕ್ಕುತ್ತಿದ್ದವು. ಅವುಗಳ ಮೂತಿ ಕಣ್ಣಿನವರೆಗೂ ಕೆಂಪಾಗಿತ್ತು.

ಅವನು ಒಳಗೆ ಬಂದಾಗ ಕೂಗಾಡಲಿಲ್ಲ. ಮುಖ ಮಾತ್ರ ಬೂದಿಯಾಗಿತ್ತು. ನೇರವಾಗಿ ಐಸಿಯುವಿಗೆ ನುಗ್ಗಿ, ಮಂಗಳನ ಹೊದಿಕೆ ಎತ್ತಿ, ಕೊಳವೆಯನ್ನು ಹಿಡಿದು ಅದು ಎಲ್ಲಿಗೆ ಹೋಗುತ್ತದೆಂದು ನೋಡಿಕೊಂಡು ಹೊರಬಂದ. ಮಂಟಪದ ನಡುವೆ ನಿಂತು ಹೇಳಿದ.

"ನಮ್ಮಕ್ಕಂಗೆ ಅಂತ ತಂದಿದ್ದನ್ನ ನಾಯಿ ನೆಕ್ತಾವೆ. ಎಲ್ರೂ ಹೋಗಿ ನೋಡ್ಕೊಂಡು ಬನ್ನಿ."

ಎಲ್ಲರೂ ಹೋಗಿ ನೋಡಿಕೊಂಡು ಬಂದರು. ಆಮೇಲೆ ನಡೆದದ್ದನ್ನು ಬರೆಯುವುದು ಕಷ್ಟ. ಕುರ್ಚಿಗಳು ಹಾರಿದವು. ಆಡಳಿತಾಧಿಕಾರಿ ಓಡಿಬಂದ. ಸಬೀಹಾ ಸುಳ್ಳು ಹೇಳಲಿಲ್ಲ. ಹೌದು, ನಾನೇ ಮಾಡಿಸಿದ್ದು, ಆಕೆಯ ಹೃದಯ ಇಷ್ಟನ್ನು ತಡೆಯುವುದಿಲ್ಲ ಎಂದರು. ಆ ಮಾತನ್ನು ಕೇಳುವ ಕಿವಿಗಳು ಅಲ್ಲಿರಲಿಲ್ಲ. ನಾನು ನಡುವೆ ನಿಂತು ಕವಾಟದ ವಿಷಯ ಹೇಳತೊಡಗಿದೆ. ಹಿಂದಿನಿಂದ ಯಾರೋ, ಮೇಷ್ಟ್ರು ಪಾಠ ಶುರುಮಾಡಿದ್ರು, ಹಾಜರಿ ಕೂಗ್ತಾರೆ ಕೂತ್ಕೊಳ್ರಪ್ಪಾ ಎಂದ. ನಾಲ್ಕು ಜನ ನಕ್ಕರು. ನಾನು ಅವಳ ಗಂಡ, ನಾನು ಬೇಡವೆನ್ನುತ್ತಿದ್ದೇನೆ ಎಂದು ಆಡಳಿತಾಧಿಕಾರಿಯ ಕೈ ಹಿಡಿದೆ. ಅವನು ಕೈ ಬಿಡಿಸಿಕೊಂಡು, ಒಳಗೆ ಸೇರಿಸುವಾಗಲೇ ತಾವು ಎಲ್ಲಕ್ಕೂ ಒಪ್ಪಿ ಸಹಿ ಹಾಕಿದ್ದೀರಿ, ಮುಯ್ಯಿ ತಂದವರಿಗೂ ಹಕ್ಕಿದೆ, ಈಗ ಗಲಾಟೆ ಬೇಡ ಎಂದ. ಅವನಿಗೆ ಗಾಜು ಒಡೆಯದಿದ್ದರೆ ಸಾಕಾಗಿತ್ತು.

ಸಬೀಹಾರನ್ನು ಕಾವಲಿನವರು ಹೊರಗೆ ಕರೆದೊಯ್ದರು. ನನ್ನ ಪಕ್ಕ ಹಾಯುವಾಗ, ಉಸಿರು ಜಾಸ್ತಿಯಾದರೆ ತಕ್ಷಣ ನಿಲ್ಲಿಸಲು ಹೇಳಿ, ಎತ್ತಿ ಕೂರಿಸಲು ಹೇಳಿ ಎಂದಷ್ಟು ಹೇಳಿದರು.

ಬದಲಿಗೆ ಬೇರೊಬ್ಬ ವೈದ್ಯ ಬಂದ. ಅವನು ಕೊಳವೆಯನ್ನು ಚರಂಡಿಯಿಂದ ಬಿಡಿಸಿ ಮಂಗಳನ ತೋಳಿಗೆ ಸೇರಿಸಿದ. ಮುಚ್ಚಿದ್ದ ಹೊದಿಕೆಯನ್ನು ತೆಗೆಸಿ, ಸೂಜಿ ಕಾಣುವಂತೆ ತೋಳನ್ನು ಗಾಜಿನ ಕಡೆಗೆ ತಿರುಗಿಸಿದರು. ಮೂರು ದಿನದ ಮೋಸಕ್ಕೆ ಸರಿದೂಗಿಸಬೇಕೆಂದು ಎರಡು ಕಡೆಯಿಂದ ಒಟ್ಟಿಗೆ ಕೊಟ್ಟರು. ಒಂದು ಚೀಲ ಮುಗಿದರೆ ಇನ್ನೊಂದು. ಚೀಲಕ್ಕೆ ಒತ್ತುವ ಪಟ್ಟಿ ಸುತ್ತಿ ಬೇಗ ಇಳಿಸಿದರು. ಮೈಕಿನವನು ಮತ್ತೆ ಶುರುಮಾಡಿದ. ಮೊದಲು ತವರು.

ಮೊದಲಿಗೆ ಅವಳು ಚೆನ್ನಾಗಿಯೇ ಕಂಡಳು. ಅದೇ ದೊಡ್ಡ ಮೋಸ. ಕೆನ್ನೆ ಕೆಂಪಾಯಿತು.

"ನೋಡಿ ಭಾವ, ಅಕ್ಕನ ಮುಖ ನೋಡಿ. ಮದುವಣಗಿತ್ತಿ ಹಂಗೆ" ಎಂದ ಓಂಕಾರಪ್ಪ. ಅವನ ಕಣ್ಣಲ್ಲಿ ನೀರಿತ್ತು.

ನಾನು ಮುಖ ನೋಡಲಿಲ್ಲ, ಕತ್ತು ನೋಡುತ್ತಿದ್ದೆ. ಅಲ್ಲಿನ ನರ ಹಗ್ಗದಂತೆ ಉಬ್ಬಿತ್ತು. ಸ್ವಲ್ಪ ಹೊತ್ತಿಗೆ ಅವಳು ಏಳಲು ಹವಣಿಸಿದಳು. ದಿಂಬನ್ನು ತಳ್ಳಿದಳು. ಕೈ ಎತ್ತಿ ಗಂಟಲಿನ ಹತ್ತಿರ ಹಿಡಿದುಕೊಂಡಳು. ನಾನು ಗಾಜನ್ನು ಬಡಿದೆ. ನಿಲ್ಲಿಸಿ, ಕೂರಿಸಿ ಎಂದು ಬಡಿದೆ. ಮಂಟಪದವರು ನನ್ನನ್ನು ಹಿಡಿದು ಎಳೆದರು. ಅವಳ ಬಾಯಿಯಿಂದ ನೊರೆ ಬಂತು, ತಿಳಿಗೆಂಪು ನೊರೆ. ಆಗ ಮಾತ್ರ ಆ ವೈದ್ಯ ಎಲ್ಲವನ್ನೂ ನಿಲ್ಲಿಸಿ, ಕೂರಿಸಿ, ಮೈಯ ನೀರನ್ನು ಮೂತ್ರಕ್ಕೆಳೆಯುವ ಮದ್ದು ಚುಚ್ಚಿ, ಮೂಗಿಗೆ ಗಾಳಿ ಕಟ್ಟಿ, ಕೊನೆಗೆ ಗಂಟಲಿಗೆ ಕೊಳವೆ ಇಳಿಸಿದ. ಅವನು ತಿಳಿದಷ್ಟನ್ನೆಲ್ಲ ಮಾಡಿದ. ಗಾಜಿನ ಈಚೆ ಒಬ್ಬ ಫೋಟೋ ತೆಗೆಯುತ್ತಲೇ ಇದ್ದ. ಪರದೆ ಎಳೆದರು. ನನ್ನನ್ನು ಕುರ್ಚಿಯಲ್ಲಿ ಕೂರಿಸಿದರು. ಸುದ್ದಿ ಬರುವ ತನಕ ಅಲ್ಲಿಯೇ ಕುಳಿತಿದ್ದೆ. ಮೈಕು ಕೂಗುತ್ತಲೇ ಇತ್ತು.

ಮನೆಗೆ ತಂದು, ಸಮಾಧಿಗೆ ಮುಂಚೆ ನಮ್ಮ ಪದ್ಧತಿಯಂತೆ ಕೂರಿಸಿದಾಗ ಅವಳ ಮೈ ಬಾತಿತ್ತು. ಬಳೆ ಇಳಿಯಲಿಲ್ಲ, ಕತ್ತರಿಸಿ ತೆಗೆದರು. ಉಂಗುರವನ್ನು ಬಿಟ್ಟೆವು. ಮುಖ ಮಾತ್ರ ಕೆಂಪಗೆ, ಸತ್ತವರ ಮುಖ ಇರಬಾರದಷ್ಟು ಕೆಂಪಗೆ ಇತ್ತು. ಬಂದ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು, ಎಂಥಾ ಕಳೆ, ತುಂಬಿದ ಮುತ್ತೈದೆ, ತವರಿನವರು ಒಂದಿಷ್ಟೂ ಕಮ್ಮಿ ಮಾಡ್ಲಿಲ್ಲ ಎಂದು ಹೊಗಳಿದರು. ಹೊಗಳಿಕೆ ಕೇಳಿ ಇನ್ನೊಬ್ಬಳು, ನಮ್ಮತ್ತೆಗೂ ಹಿಂಗೇ ಆಗಿತ್ತು, ಕೊನೇಗೆ ಕೆಂಪು ಸೇಬಿನಂಗಿದ್ರು ಎಂದಳು. ನಾನು ಮೂಲೆಯಲ್ಲಿ ಕುಳಿತು ಕೇಳಿದೆ. ನಮ್ಮ ಸೀಮೆಯಲ್ಲಿ ಹೀಗೆ ಕೆಂಪಾಗಿ ಹೋದವರು ಎಷ್ಟು ಜನರೋ ಎಂಬ ಯೋಚನೆ ಅಂದು ಮೊದಲ ಸಲ ಬಂತು. ನನಗೆ ಆ ಹೆಂಗಸರ ಮೇಲೆ, ಅವರ ಎಲೆಯಡಿಕೆಯ ಬಾಯಿಯ ಮೇಲೆ, ನನ್ನ ನೆಂಟಸ್ತನದ ಮೇಲೆ, ಆ ಕೆಂಪಿನ ಮೇಲೆ ಅಸಹ್ಯ ಹುಟ್ಟಿತು. ಆ ಅಸಹ್ಯ ಇನ್ನೂ ಹೋಗಿಲ್ಲ.

ಸಮಾಧಿಗೆ ಹಾಲು ಎರೆದ ದಿನ ಓಂಕಾರಪ್ಪ ಒಂದು ಅರ್ಜಿ ಹಿಡಿದು ಬಂದ. ಡಾಕ್ಟರ್ ಸಬೀಹಾ ಮುಯ್ಯಿ ರಕ್ತವನ್ನು ಚರಂಡಿಗೆ ಹರಿಸಿ ರೋಗಿಯನ್ನು ಕೊಂದರು ಎಂಬ ದೂರು. ಆಸ್ಪತ್ರೆಯ ಆಡಳಿತವೇ ಬರೆಸಿಕೊಟ್ಟಿತ್ತು. ಗಂಡನ ಸಹಿ ಬಿದ್ದರೆ ಅವರು ಜೈಲಿಗೆ, ಆಸ್ಪತ್ರೆ ಕೈತೊಳೆದುಕೊಳ್ಳುತ್ತದೆ. ಸಹಿಯಿಲ್ಲದಿದ್ದರೆ ದೂರು ನಿಲ್ಲುವುದಿಲ್ಲ.

ಓದಿ ಹಿಂದಕ್ಕೆ ಕೊಟ್ಟೆ. ಹಾಕುವುದಿಲ್ಲ ಎಂದೆ.

"ಯಾಕೆ ಭಾವ? ಅವ್ಳು ಮೊದ್ಲಿಂದ್ಲೇ ಸರಿಯಾಗಿ ಹಾಕಿದ್ದಿದ್ರೆ ಅಕ್ಕ ಉಳೀತಿದ್ಲು. ಮೂರು ದಿನ ನಮ್ ಕಣ್ಣಿಗೆ ಮಣ್ಣೆರಚಿದ್ಲು."

"ಓಂಕಾರಪ್ಪ, ಕೂತ್ಕೋ" ಎಂದೆ. ಅವನು ಕುಳಿತ. ಚಿಕ್ಕಂದಿನಲ್ಲಿ ಲೆಕ್ಕ ಹೇಳಿಸಿಕೊಳ್ಳಲು ಕುಳಿತುಕೊಳ್ಳುತ್ತಿದ್ದ ಹಾಗೆ ಮಂಡಿ ಮಡಿಸಿ ಕುಳಿತ. "ರಕ್ತ ಚರಂಡಿಗೆ ಹೋಗ್ತಿದ್ದಾಗ ನಿಮ್ಮಕ್ಕ ಮಂಡಕ್ಕಿ ಕೇಳಿದ್ಲು. ಮೈಗೆ ಹೋದ ದಿನ ಸತ್ಲು. ನೀನೇ ನೋಡಿದ್ದೀಯ. ಅವಳ ಎದೇಲಿ ನೀರು ತುಂಬ್ತು. ನೆಲದ ಮೇಲೆ, ಅಷ್ಟು ಜನರ ಕಣ್ಮುಂದೆ, ನಿಮ್ಮಕ್ಕ ಮುಳುಗಿ ಸತ್ಲು. ನಾವು ತಂದಿದ್ರಲ್ಲೇ ಮುಳುಗಿದ್ಲು."

ಅವನು ಅರ್ಜಿಯನ್ನು ಮಡಿಸುತ್ತ ಹೋದ, ಇನ್ನು ಮಡಿಸಲಾಗದಷ್ಟು ಚಿಕ್ಕದಾಗುವ ತನಕ.

"ಹಂಗಾದ್ರೆ ನಾನು ಬರಿಗೈಲಿ ಬರ್ಬೇಕಿತ್ತಾ ಭಾವ? ನನ್ನ ಹೊತ್ತು ಸಾಕಿದೋಳ ಹತ್ರ ಬರಿಗೈಲಿ?"

"ಹ್ಞೂ ಕಣಪ್ಪ. ಅಷ್ಟು ದಿನದಲ್ಲಿ ನಾವ್ಯಾರೂ ಗಾಜಿನ ಆಚೆ ಅವಳ ಪಕ್ಕ ಕೂತು ಕೈ ಹಿಡೀಲಿಲ್ಲ. ಎಲ್ರ ಕೈಲೂ ಏನೋ ಇತ್ತು."

ಅವನು ಎದ್ದು ಹೋದ. ಅರ್ಜಿಯನ್ನು ಹರಿಯಲಿಲ್ಲ, ಜೇಬಿನಲ್ಲಿಟ್ಟುಕೊಂಡೇ ಹೋದ. ತವರಿನವರನ್ನು ಮೇಷ್ಟ್ರು ಕೊಲೆಗಾರರೆಂದರು ಎಂಬ ಮಾತು ಸಂಜೆಯೊಳಗೆ ಊರೆಲ್ಲ ಹಬ್ಬಿತು. ಅವಳ ಹೆಸರಿನ ಆರಾಧನೆಯ ಊಟಕ್ಕೆ ಅರ್ಧ ಎಲೆಗಳೂ ತುಂಬಲಿಲ್ಲ. ಓಂಕಾರಪ್ಪ ಬಂದ. ಎಲೆಯ ಮುಂದೆ ಕುಳಿತು ಏನನ್ನೂ ಮುಟ್ಟದೆ, ಪಂಕ್ತಿ ಮುಗಿಯುವ ತನಕ ಎರಡು ಕೈಗಳನ್ನೂ ಮಂಡಿಯ ಮೇಲೆ ಅಂಗಾತ ಇಟ್ಟುಕೊಂಡಿದ್ದ. ಅವನನ್ನು ನೋಡಿ ಕನಿಕರವಾಯಿತು. ಅಸಹ್ಯ ಮಾತ್ರ ಕಡಿಮೆಯಾಗಲಿಲ್ಲ. ಎರಡೂ ಒಂದೇ ಎದೆಯಲ್ಲಿ ಇರಬಲ್ಲವೆಂದು ಈ ವಯಸ್ಸಿನಲ್ಲಿ ಕಲಿತೆ.

ನನ್ನ ಸಹಿಯಿಲ್ಲದಿದ್ದರೂ ವೈದ್ಯರ ಮಂಡಳಿ ತಾನೇ ಸಬೀಹಾರ ಮೇಲೆ ವಿಚಾರಣೆ ಇಟ್ಟುಕೊಂಡಿದೆ. ನಾಳೆ ನಾನು ಅಲ್ಲಿಗೆ ಹೋಗಿ, ಅವರು ನನ್ನ ಹೆಂಡತಿಯನ್ನು ಮೊದಲ ದಿನ ರಕ್ತ ಕೊಟ್ಟು ಉಳಿಸಿದರು, ಆಮೇಲಿನ ದಿನಗಳಲ್ಲಿ ರಕ್ತ ಕೊಡದೆ ಉಳಿಸಿದರು ಎಂದು ಹೇಳುವವನಿದ್ದೇನೆ. ಚರಂಡಿಯ ಮಾತನ್ನೂ ಬಚ್ಚಿಡುವುದಿಲ್ಲ. ಆ ವೈದ್ಯೆ ಕಳ್ಳದಾರಿ ಹಿಡಿಯಬೇಕಾಗಿ ಬಂದದ್ದು ನಮ್ಮಿಂದ, ಮರ್ಯಾದೆಯೆಂದು ನಾವು ಕರೆಯುವ ಈ ಹೊಲಸಿನಿಂದ ಎಂದೂ ಹೇಳುತ್ತೇನೆ. ಕೇಳುವವರು ಕೇಳಲಿ.

ಇಂದು ಬೆಳಗ್ಗೆ ಪೂಜೆ ಮುಗಿಸಿ ಅವಳ ಸಮಾಧಿಯ ಹತ್ತಿರ ಹೋಗಿದ್ದೆ. ಮಣ್ಣು ಇನ್ನೂ ಸಡಿಲವಾಗಿದೆ. ಮೇಲೆ ಭಾರದ ಕಲ್ಲು ಇಡಿಸೋಣವೆಂದು ಯಾರೋ ಹೇಳಿದರು, ಬೇಡವೆಂದೆ. ಅಲ್ಲಿ ಕುಳಿತು ಬೇಡಿಕೊಂಡೆ.

ಶಿವನೇ, ಕೊನೆಯ ಗಳಿಗೆಯಲ್ಲಿ ಈ ಹೆಣ್ಣುಮಗಳಿಗೆ ಸಿಕ್ಕದೆ ಹೋದದ್ದು ಉಸಿರು ಒಂದೇ. ನಿನ್ನ ಬಳಿ ಅದು ಬೇಕಾದಷ್ಟಿದೆ. ಅವಳ ಎದೆಯ ಮೇಲೆ ನಾವು ಹೇರಿದ್ದನ್ನೆಲ್ಲ ಇಳಿಸು. ನಮ್ಮ ಹೆಸರುಗಳು ಅವಳ ಕಿವಿಗೆ ಬೀಳದಿರಲಿ. ನನ್ನ ಅಸಹ್ಯ ನನ್ನಲ್ಲಿಯೇ ಇರಲಿ, ಅದರ ನೆರಳೂ ಅವಳ ಹತ್ತಿರ ಸುಳಿಯದಿರಲಿ. ಅವಳು ಮೆಲ್ಲಗೆ, ಎಲ್ಲಿಯೂ ಗೋಡೆ ಹಿಡಿಯದೆ, ಹಗುರವಾಗಿ ಉಸಿರಾಡುತ್ತ ನಿನ್ನಲ್ಲಿಗೆ ಬರಲಿ. ಅವಳಿಗೆ ಶಾಂತಿಯನ್ನು ಕೊಡು.